ಬಯ್ಯುವ ಹಕ್ಕು

ನಮ್ಮ ಗಾಂಬಿಯಾಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಸೆನೆಗಲ್ ಜೊತೆ ಸೇರಿ ಒಂದೇ ದೇಶವಾಗಬೇಕೋ ಬೇಡವೋ ಎಂದು ಬಾಥರ್ಸ್ಟ್ ಊರಿಗೆ ಊರೇ ಕುದಿಯುತ್ತಿತ್ತು. ಮೀನಿನವಳು ಕೂಡ ಮೊದಲು ನೀನು ಯಾವ ಕಡೆ ಎಂದು ಕೇಳಿ, ಆಮೇಲೆ ಬೆಲೆ ಹೇಳುತ್ತಿದ್ದಳು. ನಾನೋ ಆ ಕಡೆ ಹುಟ್ಟಿ ಈ ಕಡೆಗೆ ಬಂದ ಸೊಸೆ. ಗಂಡ ಅನ್ಸು ಇಲ್ಲಿಯ ಶಾಸನಸಭೆಯ ಸದಸ್ಯ. ಅಣ್ಣ ಲಾತೀರ್ ಅಲ್ಲಿಂದ ಮಾತುಕತೆಗೆ ಬಂದವನು. ಇಬ್ಬರೂ ಮುನಿಸಿಕೊಂಡರೆ ನನಗೆ ತವರೇ ಇಲ್ಲ.

ಆ ಮಧ್ಯಾಹ್ನ ಊಟಕ್ಕೆ ಲುಂಡ್ ಸಾಹೇಬರೂ ಬಂದಿದ್ದರು. ಯೂರೋಪಿನ ಯಾವುದೋ ಚಳಿದೇಶದ ರಾಯಭಾರಿ; ನಮ್ಮ ವೊಲೋಫ್ ಮಾತನ್ನು ಹಟ ಹಿಡಿದು ಕಲಿತವರು. ಮೀನನ್ನದ ಬೋಗುಣಿಯ ಸುತ್ತ ಎಲ್ಲರೂ ಕೂತೆವು.

"ನಿಧಾನ ತಿನ್ನೋ ಜೀತದಾಳೇ," ಅಣ್ಣ ಶುರುಮಾಡಿದ. "ಅನ್ನ ಕಂಡ್ರೆ ನಿಮ್ಮ ಜೋಲಾ ಜನಕ್ಕೆ ಮೈಮೇಲೆ ಪ್ರಜ್ಞೆ ಇರಲ್ಲ."

"ನಿಮ್ಮ ಸೆರೇರ್ ಜನಾನ ಸಂತೇಲಿ ಮಾರಿದ್ರೂ ಹಿಡಿ ಅಕ್ಕಿ ಹುಟ್ಟಲ್ಲ ಭಾವ," ಎಂದರು ಇವರು.

ಸಾಹೇಬರು ಬಿಳಚಿಕೊಂಡು ನನ್ನ ಕಡೆ ಬಾಗಿದರು. "ಸೀಗಾ, ಇವರಿಬ್ರೂ ಹೊಡೆದಾಡ್ತಾರೆ. ಮಾತುಕತೆ ಮುರಿದುಬಿತ್ತು ಅಂತ ಇವತ್ತೇ ತಂತಿ ಕಳಿಸ್ಬೇಕು."

ನನಗೆ ನಗು ತಡೆಯಲಾಗಲಿಲ್ಲ. "ಉಣ್ಣಿ ಸಾಹೇಬ್ರೇ. ಸೆರೇರ್‌ಗೂ ಜೋಲಾಗೂ ಮುತ್ತಜ್ಜಿಯರ ಕಾಲದ ನಂಟು. ಒಬ್ಬರನ್ನೊಬ್ಬರು ಬಯ್ಯೋದು ನಮ್ಮ ಹಕ್ಕು. ಸಿಟ್ಟು ಮಾಡ್ಕೊಂಡೋನೇ ಸೋತ."

ಮರುದಿನ ಶಾಸನಸಭೆಯ ಪ್ರೇಕ್ಷಕರ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಜನ ಕಿಟಕಿಗೆ ಜೋತುಬಿದ್ದಿದ್ದರು. ನಾನು, ಸಾಹೇಬರು ಒತ್ತಿಕೊಂಡು ಕೂತಿದ್ದೆವು. ಇವರು ಎದ್ದು ನಿಂತರು.

"ಮಾನ್ಯ ಲಾತೀರ್ ಅವರೇ, ತಮ್ಮ ಆಗಮನದಿಂದ ಈ ಸಭೆಯ ಘನತೆ ಹೆಚ್ಚಿದೆ. ತಮ್ಮ ಅಮೂಲ್ಯ ಸಲಹೆಯನ್ನು ಸಕಾಲದಲ್ಲಿ ಪರಿಶೀಲಿಸುತ್ತೇವೆ."

"ಎಷ್ಟು ಗೌರವ ನೋಡು," ಸಾಹೇಬರು ಕೂತಲ್ಲೇ ಹಿಗ್ಗಿದರು. "ಒಂದಾದ್ರು ಅಂತಲೇ ಲೆಕ್ಕ."

ಮದುವೆಯಾದಾಗಿನಿಂದ ಇವರು ನನ್ನಣ್ಣನನ್ನು 'ತಾವು' ಎಂದಿದ್ದು ಅದೇ ಮೊದಲು. "ಇಲ್ಲ ಸಾಹೇಬ್ರೇ, ಮುಗೀತು," ಎಂದೆ. ಸಂಜೆಯೊಳಗೆ, ಒಂದೇ ದೇಶವಾಗುವುದು ಬೇಡವೆಂದು ಸಭೆ ತೀರ್ಮಾನಿಸಿತು.

ಅಣ್ಣ ಪೆಟ್ಟಿಗೆ ಹಿಡಿದೇ ಮನೆಗೆ ಬಂದ. "ತಮ್ಮ ಆತಿಥ್ಯಕ್ಕೆ ಋಣಿ," ಎಂದ. "ತಮಗೆ ಪ್ರಯಾಣ ಸುಖಕರವಾಗಲಿ," ಎಂದರು ಇವರು. ನನಗೆ ಮೈಯೆಲ್ಲ ಉರಿಯಿತು. ಇಬ್ಬರ ತಲೆಗೂ ಸೌಟಿನಲ್ಲಿ ಬಾರಿಸೋಣ ಎನ್ನಿಸಿತು. ಬೋಗುಣಿ ತಂದು ನಡುವೆ ಕುಕ್ಕಿದೆ. ಯಾರೂ ಕೂರಲಿಲ್ಲ.

ಸಭೆಯಿಂದ ನನ್ನ ಜೊತೆಗೇ ಬಂದು ಮೂಲೆಯಲ್ಲಿ ನಿಂತಿದ್ದ ಲುಂಡ್ ಸಾಹೇಬರು ಗಂಟಲು ಸರಿಮಾಡಿಕೊಂಡು ಅಣ್ಣನ ಕಡೆ ತಿರುಗಿದರು.

"ಏಯ್ ಸೆರೇರ್ ಹೊಟ್ಟೆಬಾಕ, ನಾಟಕ ಸಾಕು. ಕೂತ್ಕೊಂಡು ತಿನ್ನು."

ಇವರು ಕಣ್ಣು ಕೆಂಪಗೆ ಮಾಡಿಕೊಂಡು ಸಾಹೇಬರ ಕಡೆ ತಿರುಗಿದರು.

"ಸಾಹೇಬ್ರೇ, ಬಾಯಿ ಬಿಗಿಹಿಡೀರಿ. ಈ ಕತ್ತೇನ ಬಯ್ಯೋ ಹಕ್ಕು ನಂದು. ನಿಮ್ಮ ಸರ್ಕಾರಕ್ಕೆ ಅದನ್ನ ಕೊಟ್ಟಿಲ್ಲ."

"ಇವನಿಗೂ ನಾನೇ ಕೊಟ್ಟಿದ್ದು," ಅಣ್ಣ ಪೆಟ್ಟಿಗೆ ಕೆಳಗಿಟ್ಟ. "ಯಜಮಾನನ ಮುಂದೆ ಗಂಟಲು ನೋಡು ಜೀತದವಂದು. ಸರಿ ಆ ಕಡೆ."

ಇವರು ಸರಿದು ಕೂತರು. ಮೀನಿನ ದೊಡ್ಡ ತುಂಡು ಮುರಿದು ಅಣ್ಣನ ಕಡೆಗೆ ತಳ್ಳಿದರು. ನಾನು ಸೆರಗಿಗೆ ಮುಖ ಒತ್ತಿಕೊಂಡು ಅತ್ತೆನೋ ನಕ್ಕೆನೋ ನನಗೇ ತಿಳಿಯದು. ಸಾಹೇಬರು ಬೇಕೆಂದೇ ಅಂದರೋ, ತಪ್ಪಿ ಅಂದರೋ, ಅದೂ ತಿಳಿಯದು.

"ಹಾಗಾದ್ರೆ ನಮ್ಮ ಸರ್ಕಾರಕ್ಕೆ ಏನಂತ ಬರೀಲಿ?" ಸಾಹೇಬರು ಮೆಲ್ಲಗೆ ಕೇಳಿದರು.

"ಎರಡು ದೇಶ ಅಂತ ಬರೀರಿ," ಎಂದರು ಇವರು.

ಅಣ್ಣ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೈಯೆತ್ತಿದ. "ಈ ಊಟದ ಸುದ್ದಿ ಮಾತ್ರ ಬರೀಬೇಡಿ. ಅದು ನಮ್ಮ ಆಂತರಿಕ ವಿಚಾರ."