ಅಂಗಳ ದಾಟದ ದೋಣಿ

"ನಿಲ್ಲಿ, ನಿಲ್ಲಿ! ಹಿಂದಕ್ಕೆ ಬನ್ನಿ!" ಅಳಿಯ ಕೂಗಿದ.

ಪೆಟ್ಟಿಗೆಯ ಮುಂದಿನ ಮೂಲೆ ದೋಣಿಯ ಪಕ್ಕೆಗೆ ತಗುಲಿ ನಿಂತಿತ್ತು. ಹಿಂದಿನ ಅರ್ಧ ಇನ್ನೂ ಹೊಸ್ತಿಲ ಒಳಗೇ ಇತ್ತು. ಮುಂದೆ ಹಿಡಿದಿದ್ದ ಇಬ್ಬರು ದೋಣಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಹೊಟ್ಟೆ ಒಳಕ್ಕೆಳೆದುಕೊಂಡು, ಹೋಗಲೂ ಆಗದೆ ಬರಲೂ ಆಗದೆ ಒದ್ದಾಡುತ್ತಿದ್ದರು.

"ಒಂಚೂರು ಅಡ್ಡಕ್ಕೆ ವಾಲಿಸ್ರಪ್ಪಾ," ಎಂದ ಹಿಂದಿನಿಂದ ಒಬ್ಬ.

"ವಾಲಿಸೋಕೆ ಇದೇನು ಬೀರುನಾ? ಒಳಗಿರೋದು ನಮ್ಮ ಮಾವ!"

ಬೆಳಿಗ್ಗೆ ಖಾಲಿ ಪೆಟ್ಟಿಗೆ ಒಳಗೆ ಬರುವಾಗ ಯಾವ ತೊಂದರೆಯೂ ಆಗಿರಲಿಲ್ಲ. ಏಣಿಯನ್ನು ತರುವ ಹಾಗೆ ನೆಟ್ಟಗೆ ನಿಲ್ಲಿಸಿ ತಂದಿದ್ದರು. ಈಗ ಅದರಲ್ಲಿ ಮನುಷ್ಯನಿದ್ದ. ಬೇರೆ ದಾರಿಯಿಲ್ಲದೆ ಪೆಟ್ಟಿಗೆಯನ್ನು ಮತ್ತೆ ಒಳಗೆ ಒಯ್ದು ಮಂಚದ ಮೇಲಿಟ್ಟರು. ಹೊತ್ತವರು ಬೆವರು ಒರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಸತ್ತವನ ಹೆಂಡತಿ ಗೋಡೆಗಾನಿಸಿದ ಕುರ್ಚಿಯಲ್ಲಿ ಕೂತಿದ್ದಳು. ಬೆಳಗಿನಿಂದ ಆಕೆಗೆ ಅಳು ಬಂದಿರಲಿಲ್ಲ. ಈಗ ಬಂದದ್ದೂ ಅಳುವಲ್ಲ, ಸಿಟ್ಟು.

"ನೋಡಿದ್ರಾ? ಅವರು ಬದುಕಿದ್ದಾಗ ನಾನು ನೀರಿನ ಕೊಡ ಹಿಡ್ಕೊಂಡು ಅಡ್ಡಡ್ಡ ಓಡಾಡಿದೆ. ಈಗ ಅವರಿಗೇ ದಾರಿ ಇಲ್ಲ."

ಆ ಮನೆಗೆ ಬಾಗಿಲು ಒಂದೇ. ಬಾಗಿಲ ಮುಂದೆ ಅಂಗಳ. ಅಂಗಳದ ಆ ತುದಿಯಲ್ಲಿ, ರಸ್ತೆಗೆ ಮುಖ ಮಾಡಿ, ಮಗಳ ಹೊಲಿಗೆ ಅಂಗಡಿ. ಅಂಗಡಿಯ ಪಕ್ಕದ ಓಣಿಯಿಂದಲೇ ರಸ್ತೆಗೆ ಹೋಗಬೇಕು. ಓಣಿ ಪೆಟ್ಟಿಗೆಗೆ ಸಾಕು, ದೋಣಿಗೆ ಸಾಲದು. ಅಂಗಳವಿಡೀ ದೋಣಿಯದೇ ಸಂಸಾರ. ಹಿಂಭಾಗ ಮನೆಯ ಬಾಗಿಲಿಗೆ, ಮೂತಿ ಓಣಿಯ ಕಡೆಗೆ. ಕೆಳಗೆ ಗಾಲಿಗಳ ಚೌಕಟ್ಟು, ಮೇಲೆ ಬಿಳಿ ಮೈ, ನಡುವೆ ಒಂದು ನೀಲಿ ಪಟ್ಟೆ. ಅದರ ಹೊಳಪು ನೋಡಿ, ಕನ್ನಡಿ ಇಲ್ಲದಿದ್ದರೂ ಇಲ್ಲೇ ಗಡ್ಡ ಹೆರೆಯಬಹುದು ಎಂದು ಬೀದಿಯ ಕ್ಷೌರಿಕ ಯಾವಾಗಲೂ ಹೇಳುತ್ತಿದ್ದ.

"ಅತ್ತೆ, ಏನು ಮಾಡೋಣ ಹೇಳಿ," ಎಂದ ಅಳಿಯ. "ದೋಣಿ ತಳ್ಳಿದ್ರೂ ಎಲ್ಲಿಗೆ ಹೋಗುತ್ತೆ? ಮುಂದೆ ಅಂಗಡಿ ಗೋಡೆ."

"ಕತ್ತರಿಸಿ," ಎಂದಳು ಆಕೆ.

"ದೋಣೀನಾ?"

"ಮತ್ತೇನು, ನಿಮ್ಮ ಮಾವನ್ನಾ? ವೆಲ್ಡಿಂಗ್‌ನವನನ್ನ ಕರೆಸು. ಎರಡು ತುಂಡು ಮಾಡಿ ಬಿಸಾಕ್ಲಿ. ನಂಗೆ ಈ ಪುಣ್ಯ ಯಾವತ್ತೋ ಬರಬೇಕಿತ್ತು."

*

ದೋಣಿ ಬಂದ ದಿನ ಆಕೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆಗ ಅಂಗಡಿ ಇರಲಿಲ್ಲ. ರಸ್ತೆಯವರೆಗೂ ಬಯಲು. ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಗಂಡ ಹಿಂದಿನಿಂದ ಇಳಿದ, ಕೈಯೆಲ್ಲ ಪಾಚಿ.

"ರೀ, ಏನ್ರೀ ಇದು?"

"ದೋಣಿ. ಸ್ಪೀಡ್ ಬೋಟು."

"ಅದು ಕಾಣ್ತಿದೆ. ಇಲ್ಲಿಗ್ಯಾಕೆ ಬಂತು?"

ಕೆರೆ ದಂಡೆಯ ಹೋಟೆಲೊಂದು ಮುಚ್ಚುತ್ತಿತ್ತು. ಅವನು ಅಲ್ಲಿಯ ಲಿಫ್ಟ್ ಬಿಚ್ಚಲು ಹೋಗಿದ್ದ. ಅಡುಗೆಮನೆಯ ಹಿಂದೆ, ಕಸದ ಡಬ್ಬಗಳ ನಡುವೆ ದೋಣಿ ಬಿದ್ದಿತ್ತು. ಅದರೊಳಗೆ ಒಂದು ಗಿಡ ಬೆಳೆದು, ಗಿಡದಲ್ಲಿ ಹಕ್ಕಿ ಗೂಡು ಕಟ್ಟಿ ಬಿಟ್ಟು ಹೋಗಿತ್ತು. ಬೇಕಾದರೆ ತಗೊಂಡು ಹೋಗು ಎಂದರಂತೆ. ಇವನು ಗೂಡಿನ ಸಮೇತ ತಂದ.

"ನಿಮಗೆ ಈಜು ಬರುತ್ತಾ?"

"ಇಲ್ಲ."

"ದೋಣಿ ಓಡಿಸೋಕೆ?"

"ಇಲ್ಲ. ಆದ್ರೆ ಇದನ್ನ ನೋಡು." ಮುಷ್ಟಿಯಿಂದ ದೋಣಿಯ ಮೈ ತಟ್ಟಿದ. "ಮೇಲೆಲ್ಲ ಫೈಬರ್, ಗಾಜಿನ ನೂಲಿನ ಪದರ. ಅದಕ್ಕೆ ಸಾವಿಲ್ಲ. ಒಳಗಿರೋ ಮರ ಮಾತ್ರ ಕೊಳೆತಿದೆ. ಎಲ್ಲಿ ಕೊಳೆತಿದೆ ಅಂತ ಹೊರಗಿಂದ ಹೆಂಗೆ ಹುಡುಕ್ತಾರೆ ಅಂತ ಗೊತ್ತಾ?"

ಆಕೆಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಅವತ್ತು ಸಂಜೆಯಿಂದ ಅದನ್ನು ಕಲಿಯದೆ ವಿಧಿಯಿರಲಿಲ್ಲ. ಕೆಲಸದಿಂದ ಬಂದವನು ಸುತ್ತಿಗೆಯ ಹಿಡಿಯಿಂದ ದೋಣಿಯನ್ನು ಇಂಚಿಂಚೂ ತಟ್ಟುತ್ತಿದ್ದ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತಿತ್ತು, ಕೊಳೆತ ಕಡೆ ಡಬ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ನಿಂತೇ ಆಕೆಗೆ ಅದರ ಗುಟ್ಟು ಹತ್ತಿತು. ಅವನು ಗಮನಿಸದೆ ಮುಂದೆ ಹೋದರೆ ಕಿಟಕಿಯಿಂದ ಕೂಗುತ್ತಿದ್ದಳು:

"ರೀ, ಹಿಂದೆ ಬನ್ನಿ! ಅಲ್ಲಿ ಡಬ್ ಅಂತು!"

"ಎಲ್ಲಿ?"

"ಈಗ ತಟ್ಟಿದ್ರಲ್ಲ, ಅದರ ಮುಂಚೆ. ಕಿವಿ ಎಲ್ಲಿಟ್ಟಿದೀರಿ?"

ಹಾಗೆಂದು ಆಕೆ ದೋಣಿಯನ್ನು ಒಪ್ಪಿಕೊಂಡಳು ಎಂದಲ್ಲ. ಅದನ್ನು ಉಜ್ಜುವಾಗ ಏಳುವ ಗಾಜಿನ ಪುಡಿ ಬಟ್ಟೆಗೆ ಹತ್ತಿ ಮನೆಮಂದಿಗೆಲ್ಲ ಮೈಕೆರೆತ. ಅಂಟು ಕಲಸಿದ ಡಬ್ಬ ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊಗೆಯಾಡುತ್ತಿತ್ತು, ಅದರ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಆಕೆ ಅವನ ಬಟ್ಟೆಗೆ ಬೇರೆ ಬಕೆಟ್ ಇಟ್ಟಳು. ಒಮ್ಮೆ ಸಿಟ್ಟು ನೆತ್ತಿಗೇರಿ ಅವನಿಗೂ ಬೇರೆ ಹಾಸಿಗೆ ಹಾಕಿದಳು. ಅವನು ಸ್ನಾನ ಮಾಡಿ ಬಂದು, ಮೊಣಕೈ ತೋರಿಸಿ, "ಈಗ ಚುಚ್ಚಲ್ಲ, ಮುಟ್ಟಿ ನೋಡು" ಎಂದು ಬಾಗಿಲಲ್ಲಿ ನಿಂತಿದ್ದ.

*

ವೆಲ್ಡಿಂಗ್‌ನವನು ಬರುವವರೆಗೆ ಬಂದವರು ಅಂಗಳದ ಅಂಚಿನಲ್ಲೂ ಓಣಿಯಲ್ಲೂ ನಿಂತರು. ಎದುರಿಗೇ ದೋಣಿ ಇದ್ದದ್ದರಿಂದ ಮಾತೂ ಅದರದೇ ಬಂತು.

"ನಮ್ ಕ್ಯಾಪ್ಟನ್ ಇದನ್ನ ಯಾಕೆ ಇಟ್ಕೊಂಡಿದ್ದ ಅಂತ ನಂಗೊತ್ತು," ಎಂದ ಕ್ಷೌರಿಕ. ಬೀದಿಯಲ್ಲಿ ದೋಣಿಯ ಯಜಮಾನನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. "ಜೀವಮಾನವೆಲ್ಲ ಲಿಫ್ಟ್ ಕೆಲಸ. ಮೇಲೆ ಹೋಗೋದು, ಕೆಳಗೆ ಬರೋದು. ಒಂದು ಸಲನಾದ್ರೂ ಮುಂದಕ್ಕೆ ಹೋಗಬೇಕು ಅನ್ನಿಸಿರುತ್ತೆ."

"ಮಾರಿಬಿಡ್ತೀನಿ ಅಂತ ನಂಗೆ ಹೇಳಿದ್ರು," ಎಂದ ಅಳಿಯ.

"ಮೊಮ್ಮಕ್ಕಳನ್ನ ಕೂರಿಸ್ತೀನಿ ಅಂತ ನಂಗೆ ಹೇಳಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೇಳಿದಾನೆ, ಕಳ್ಳ."

"ಆಚೆ ಹೋಗದ ದೋಣಿಗೆ ಇಷ್ಟು ಪಾಲಿಶ್ ಯಾಕೆ ಅಂತೀನಿ," ಎನ್ನುತ್ತ ಬಂದ ವೆಲ್ಡಿಂಗ್‌ನವನು ಹೆಗಲಿನಿಂದ ಕತ್ತರಿಸುವ ಯಂತ್ರ ಇಳಿಸಿದ. ಬೀದಿಗೆ ಹೊಸಬ. "ಇದು ಒಳಗೆ ಹೆಂಗೆ ಸಿಕ್ಕಿಹಾಕ್ಕೊಳ್ತು ಅಕ್ಕಾ?"

ಆ ಪ್ರಶ್ನೆ ಕೇಳಿದ ಮೇಲೆ ಆಕೆಯ ಬಾಯಿ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಸಾವಿನ ಮನೆಯಾದರೂ ಸರಿ.

"ನಮ್ಮ ಮಹಾನುಭಾವರು ಊರಿನ ಲಿಫ್ಟೆಲ್ಲ ಕೂದಲೆಳೆ ವ್ಯತ್ಯಾಸ ಬರದ ಹಾಗೆ ಕೂರಿಸಿದೋರಪ್ಪಾ. ಮಗಳಿಗೆ ಅಂಗಡಿ ಕಟ್ಟಿಸೋಕೆ ಹೊರಟ್ರು. ಮೇಸ್ತ್ರಿ ಬಂದ, ಪಾಯ ತೆಗೆದ, ಗೋಡೆ ಎಬ್ಬಿಸಿದ. ಎಲ್ಲ ಮುಗಿದು ಕೈ ತೊಳ್ಕೊಂಡ ಮೇಲೆ ಇವರು ತಿರುಗಿ ನೋಡ್ತಾರೆ, ದೋಣಿ ಒಳಗೆ, ದಾರಿ ಹೊರಗೆ! ಅಳತೆ ಟೇಪು ಜೇಬಲ್ಲೇ ಇತ್ತು. ತೆಗೆಯೋದು ಮರೆತುಬಿಟ್ರಂತೆ."

ಈ ಕತೆಯನ್ನು ಆಕೆ ಮದುವೆ ಮನೆಗಳಲ್ಲಿ ಹೇಳಿದ್ದಳು, ಆಸ್ಪತ್ರೆಯ ಸಾಲಿನಲ್ಲಿ ಹೇಳಿದ್ದಳು, ಗ್ಯಾಸಿನ ಒಲೆ ರಿಪೇರಿಗೆ ಬಂದವನಿಗೂ ಹೇಳಿದ್ದಳು. ಎಲ್ಲಿ ಜನ ನಗುತ್ತಾರೆ ಎಂದು ಗೊತ್ತಿದ್ದರಿಂದ ಅಲ್ಲಿ ಬಿಡುವು ಕೊಟ್ಟು ಅಭ್ಯಾಸ. ಈಗಲೂ ಕೊಟ್ಟಳು. ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿದರು.

ವೆಲ್ಡಿಂಗ್‌ನವನು ಅಂಗಡಿಯ ಹಿಂದಿನ ಕಿಟಕಿಯಿಂದ ವೈರು ಎಳೆದು ಒಳಗಿನ ಪ್ಲಗ್ಗಿಗೆ ಹಾಕಿಸಿಕೊಂಡ. ನೀಲಿ ಪಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಯಂತ್ರ ಕಿರುಚಿತು. ದೋಣಿಯ ಅಂಚಿನಿಂದ ಬಿಳಿ ಪುಡಿ ಎದ್ದಿತು, ಹಳೆಯ ಅದೇ ವಾಸನೆ ಬಂತು. ಬೆರಳುದ್ದ ಕತ್ತರಿಸಿರಬೇಕು, ಅಷ್ಟರಲ್ಲಿ ಯಂತ್ರ ಸತ್ತಿತು.

ಮಗಳು ಅಂಗಡಿಯ ಕಿಟಕಿಯಲ್ಲಿ ನಿಂತಿದ್ದಳು. ಪ್ಲಗ್ಗು ಅವಳ ಕೈಯಲ್ಲಿತ್ತು.

"ಕತ್ತರಿಸೋದಾದ್ರೆ ಅಂಗಡಿ ಗೋಡೆ ಒಡೀರಿ. ದೋಣಿ ಮುಟ್ಟಬೇಡಿ."

"ನಿಂಗೇನೇ ಬಂತು?" ಎಂದಳು ತಾಯಿ. "ಹೊರಗೆ ಗಾಡಿ ಕಾಯ್ತಿದೆ. ಅಪ್ಪನ ಹುಚ್ಚು ಈಗ ನಿಂಗೆ ಹತ್ತಿಕೊಳ್ತಾ?"

"ಅಮ್ಮಾ, ಅಪ್ಪ ಮರೆತಿರಲಿಲ್ಲ."

"ಏನು ಮರೆತಿರಲಿಲ್ಲ?"

"ಅಳತೆ."

*

ಪಾಯ ತೆಗೆಯುವ ಹಿಂದಿನ ದಿನ ಅಪ್ಪ ಮಗಳು ಇಬ್ಬರೇ ಅಂಗಳದಲ್ಲಿದ್ದರು. ತಾಯಿ ಯಾರದೋ ಮನೆಗೆ ಹೋಗಿದ್ದಳು. ಅವನು ದೋಣಿಯ ಅಗಲ ಅಳೆದ. ನೆಲದ ಮೇಲೆ ಸುಣ್ಣದ ಗೆರೆ ಹಾಕಿದ. ದೋಣಿಗೆ ದಾರಿ ಬಿಟ್ಟರೆ ಅಂಗಡಿ ಎಷ್ಟಾಗುತ್ತದೆ ಎಂದು ತೋರಿಸಿದ. ಮಗಳು ಆ ಗೆರೆಯೊಳಗೆ ನಿಂತು ಎರಡೂ ಕೈ ಚಾಚಿದಳು. ಒಂದು ಹೊಲಿಗೆ ಯಂತ್ರ ಇಡಬಹುದಿತ್ತು. ಬಟ್ಟೆ ಕತ್ತರಿಸುವ ಮೇಜಿಗೆ, ಬಂದವರು ಬಟ್ಟೆ ಹಾಕಿ ನೋಡುವ ಮರೆಗೆ ಜಾಗವಿರಲಿಲ್ಲ.

"ಸಾಕು ಬಿಡಿ ಅಪ್ಪಾ, ನಡೆಯುತ್ತೆ," ಎಂದಿದ್ದಳು.

ಅವನು ಸ್ವಲ್ಪ ಹೊತ್ತು ಅವಳ ಚಾಚಿದ ಕೈಗಳನ್ನೇ ನೋಡಿದ. ಆಮೇಲೆ ಚಪ್ಪಲಿ ಕಾಲಿನಿಂದ ಗೆರೆ ಅಳಿಸಿ, ಓಣಿಯಷ್ಟು ಮಾತ್ರ ಬಿಟ್ಟು ಹೊಸ ಗೆರೆ ಎಳೆದ.

"ನಿಮ್ಮಮ್ಮಂಗೆ ಹೇಳಬೇಡ."

"ಯಾಕೆ?"

"ನನ್ನ ಮೇಲೆ ಕೋಪ ಮಾಡ್ಕೊಳ್ಳೋದು ಅವಳಿಗೆ ಅಭ್ಯಾಸ. ನಿನ್ನ ಅಂಗಡಿ ಮೇಲೆ ಕೋಪ ಬಂದ್ರೆ ನೀನು ಅಲ್ಲಿ ನೆಮ್ಮದಿಯಾಗಿ ಕೂರೋಕಾಗಲ್ಲ. ಮರೆತೆ ಅಂತೀನಿ. ಅಷ್ಟೇ."

*

ಮಗಳು ಅದನ್ನೆಲ್ಲ ಕಿಟಕಿಯಿಂದಲೇ ಹೇಳಿ ಮುಗಿಸಿದಳು. ವೆಲ್ಡಿಂಗ್‌ನವನು ಯಂತ್ರವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಈ ಕತೆ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತೇನೇ ನಿಂಗೆ?" ಎಂದಳು ಆಕೆ. ಧ್ವನಿ ಏರಲಿಲ್ಲ. ಅದಕ್ಕೇ ಅಳಿಯ ಹೆದರಿದ.

"ಗೊತ್ತು."

"ಅವರ ಎದುರಿಗೇ ಹೇಳಿದೀನಿ."

"ನಡುವೆ ನೀನು ಏನಾದ್ರೂ ಬಿಟ್ರೆ ಅಪ್ಪನೇ ನೆನಪಿಸ್ತಿದ್ರಲ್ಲ. 'ಟೇಪು ಜೇಬಲ್ಲೇ ಇತ್ತು, ಅದನ್ನ ಹೇಳು' ಅಂತ."

ಅದು ನಿಜ. ಟೇಪಿನ ಮಾತು ಸೇರಿಸಿದ್ದೇ ಅವನು. ಆ ಮಾತಿಗೇ ಜನ ಹೆಚ್ಚು ನಗುತ್ತಿದ್ದರು.

"ಆಚೆ ಹೋಗಲ್ಲ ಅಂತ ಗೊತ್ತಿದ್ದೂ ಮತ್ಯಾಕೆ ಉಜ್ಜುತ್ತಾ ಕೂತ್ರು?"

"ಕೇಳಿದ್ದೆ. 'ಏನಾಗುತ್ತೋ ನೋಡೋಣ' ಅಂದ್ರು."

ಆಕೆ ಎದ್ದಳು. ಬಾಗಿಲು ದಾಟಿ ಬಂದು, ವೆಲ್ಡಿಂಗ್‌ನವನು ಮಾಡಿದ ಗಾಯದ ಮೇಲೆ ಬೆರಳಿಟ್ಟಳು. ಕತ್ತರಿಸಿದ ಅಂಚು ಚುಚ್ಚಿತು. ಆಮೇಲೆ ಮಂಚದ ಪಕ್ಕದ ಸ್ಟೂಲನ್ನು ತಾನೇ ಎತ್ತಿ ತಂದು ದೋಣಿಯ ಹಿಂಭಾಗಕ್ಕೆ ಒತ್ತರಿಸಿ ಇಟ್ಟಳು.

"ಅತ್ತೆ, ಏನು ಮಾಡ್ತಿದೀರಿ?"

"ಕೈ ಕೊಡು."

ಇಷ್ಟು ವರ್ಷದಲ್ಲಿ ಆಕೆ ದೋಣಿಯೊಳಗೆ ಕಾಲಿಟ್ಟದ್ದು ಇದೇ ಮೊದಲು. ಹತ್ತಲು ಒದ್ದಾಡಿದಳು, ಮಂಡಿ ತರಚಿತು, ಹತ್ತಿದಳು. ಒಳಗೆ ಮಂಡಿಯೂರಿ ಹಿಂದಿನಿಂದ ಮುಂದಿನವರೆಗೂ ಬೆರಳ ಗೆಣ್ಣುಗಳಿಂದ ದೋಣಿಯ ತಳ ತಟ್ಟುತ್ತ ಹೋದಳು. ಜನ ಕಣ್ಣರಳಿಸಿಕೊಂಡು ನೋಡುತ್ತಿದ್ದರು. ದುಃಖಕ್ಕೆ ತಲೆ ಕೆಟ್ಟಿತು ಎಂದು ಒಬ್ಬಿಬ್ಬರು ಗುಸುಗುಟ್ಟಿದರು. ಮೂತಿಯ ತುದಿಯವರೆಗೂ ಎಲ್ಲೂ ಡಬ್ ಎನ್ನಲಿಲ್ಲ.

"ಇದರ ಒಳಗಿಂದಲೇ ತನ್ನಿ," ಎಂದಳು.

"ಏನನ್ನ?"

"ಅವರನ್ನ. ಬಾಗಿಲಿಂದ ಎತ್ತಿ ಹಿಂದಿನ ಅಂಚಿನ ಮೇಲಿಡಿ. ಒಳಗೆ ಇಬ್ಬರು ನಿಂತು ಎಳ್ಕೊಳ್ಳಿ. ಮೂತಿ ಮೇಲಿಂದ ಓಣಿಗೆ ಇಳಿಸಿ. ಇದರಲ್ಲಿ ಕಷ್ಟ ಏನಿದೆ?"

"ಮುರಿದು ಬಿದ್ರೆ?" ಎಂದ ಕ್ಷೌರಿಕ. "ಪೆಟ್ಟಿಗೆ, ಜನ, ಎಲ್ಲ ಸೇರಿ ಭಾರ ಎಷ್ಟಾಗುತ್ತೆ ಅಕ್ಕಾ? ಇದರ ಮೇಲೆ ಇವತ್ತಿನವರೆಗೆ ಯಾರೂ ಕೂತಿಲ್ಲ."

"ಮುರಿದ್ರೆ ನಾನೇ ಕತ್ತರಿಸಿ ಬಿಸಾಕ್ತೀನಿ. ಮುರಿಯಲ್ಲ. ಎತ್ತಿ."

ಎತ್ತಿದರು. ಪೆಟ್ಟಿಗೆ ಹೊಸ್ತಿಲು ದಾಟಿ ದೋಣಿಯ ಅಂಚಿನ ಮೇಲೆ ಕೂತಿತು. ಅಂಚು ಕಿರುಗುಟ್ಟಿತು. ಕೆಳಗೆ ಗಾಲಿಗಳ ಮೇಲಿನ ಚೌಕಟ್ಟು ಅರೆಕ್ಷಣ ತಗ್ಗಿ ಮತ್ತೆ ಮೇಲೆದ್ದಿತು. ದೋಣಿ ತೂಗಿತು. ಎರಡನೆಯ ಸಲ ಸಣ್ಣಗೆ ತೂಗಿ ನಿಂತಿತು.

"ಅಬ್ಬಾ, ಏನು ಗಟ್ಟಿ ಮಾಡಿದಾನಯ್ಯ," ಎಂದ ಕ್ಷೌರಿಕ ಮೆಲ್ಲಗೆ.

ಅಳಿಯನೂ ವೆಲ್ಡಿಂಗ್‌ನವನೂ ಒಳಗೆ ಹತ್ತಿ ಪೆಟ್ಟಿಗೆ ಎಳೆದುಕೊಂಡರು. ಜಾಗ ಬಿಡಲು ಆಕೆ ಹಿಂದೆ ಸರಿದಳು. ಸರಿಯಲು ಒಂದೇ ಜಾಗವಿತ್ತು, ಓಡಿಸುವವನ ಸೀಟು. ಅದರಲ್ಲಿ ಕೂತಳು. ಪೆಟ್ಟಿಗೆ ಆಕೆಯ ತೋಳು ಸವರಿಕೊಂಡು ಮುಂದೆ ಸರಿಯಿತು. ಪಕ್ಕಕ್ಕೆ ಬಂದಾಗ ಆಕೆ ಅದರ ಮೇಲೆ ಅಂಗೈ ಇಟ್ಟಳು. ಅದು ಹೋಗುತ್ತಲೇ ಇತ್ತು, ಅಂಗೈ ಅಲ್ಲೇ ಉಳಿಯಿತು.

ಮೂತಿಯ ಆಚೆ ಓಣಿಯಲ್ಲಿ ನಿಂತವರು ಪೆಟ್ಟಿಗೆಯನ್ನು ಹೆಗಲಿಗೆ ತೆಗೆದುಕೊಂಡರು. ಅಳಿಯ ಕೆಳಗೆ ಹಾರಿ ಮುಂದೆ ಓಡಿದ. ಓಣಿ ರಸ್ತೆ ಸೇರುವಲ್ಲಿ ಅಂಗಡಿಯ ಮೂಲೆ ಬಳಸಿ ತಿರುಗಬೇಕಿತ್ತು.

"ಎಡಕ್ಕೆ!" ಅಳಿಯನ ಧ್ವನಿ ಕೇಳಿತು. "ಇನ್ನೂ ಎಡಕ್ಕೆ! ಗೋಡೆ ಇದೆ, ಹುಷಾರು!"

ಅಂಗಳದಲ್ಲಿ ಯಾರೂ ಉಳಿದಿರಲಿಲ್ಲ. ಸೀಟಿನಲ್ಲಿ ಕೂತ ಆಕೆ ಎದುರಿನ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕತ್ತು ಮುಂದೆ ಚಾಚಿ, ಮೂಲೆಯಲ್ಲಿ ಮರೆಯಾಗುತ್ತಿದ್ದ ಪೆಟ್ಟಿಗೆಯನ್ನು ನೋಡುತ್ತ, ಎಡಕ್ಕೆ ತಿರುಗಿಸಿದಳು. ಇನ್ನಷ್ಟು ತಿರುಗಿಸಿದಳು. ಆಕೆಯ ಬೆನ್ನ ಹಿಂದೆ, ಇಂಜಿನ್ ಇರಬೇಕಾಗಿದ್ದ ಖಾಲಿ ಜಾಗದಲ್ಲಿ, ಸ್ಟೇರಿಂಗಿಗೆ ಜೋಡಿಸಿ ಹೊಸ ಗ್ರೀಸು ಬಳಿದ ಉಕ್ಕಿನ ಸರಳೊಂದು ಸದ್ದಿಲ್ಲದೆ ಹೊರಗೆ ಸರಿಯಿತು.