ಬರುವಾಗ ಏರು ದಾರಿ

"ಬರೋವಾಗ ಏರು ದಾರಿಯೇನೇ?" ಅಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ವಿಮಾನದ ಟಿಕೆಟ್ ನೋಡುತ್ತಿದ್ದಳು. "ಹೋಗೋಕೆ ಆರು ಗಂಟೆ, ಬರೋಕೆ ಹದಿನೆಂಟು."

ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದ ಮಗಳಿಗೆ ನಗು ಬಂತು. ದೂರದೂರುಗಳಿಗೆ ಬಸ್ಸು ಓಡಿಸುವವಳು ಅವಳು. ಸಮಯದ ವಿಷಯದಲ್ಲಿ ಅವಳ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟ ಹೊತ್ತು, ತಲುಪಿದ ಹೊತ್ತು, ಕಳೆದರೆ ಪ್ರಯಾಣ. ನಾಳೆ ಅಮ್ಮ ಒಬ್ಬಳೇ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ಇಳಿಯುವುದು. ಅಮ್ಮನ ಉಸಿರಾಟದ ಯಂತ್ರಕ್ಕೆ ಪ್ರಯಾಣದ ಒಂದೂವರೆ ಪಟ್ಟು ಹೊತ್ತು ಬರುವಷ್ಟು ಬ್ಯಾಟರಿ ಇರಬೇಕು, ಇಲ್ಲದಿದ್ದರೆ ಹತ್ತಿಸುವುದಿಲ್ಲ ಎಂದು ವಿಮಾನದವರು ಖಡಾಖಂಡಿತ ಹೇಳಿದ್ದರು. ಎರಡು ಬ್ಯಾಟರಿ, ಒಂಬತ್ತು ಗಂಟೆ. ಅಳೆದಿಟ್ಟ ಹಾಗೆ ಸರಿಹೋಗಿತ್ತು.

"ಆಕಾಶದಲ್ಲಿ ಎಲ್ಲಿಯ ಏರಮ್ಮ? ಕೊಡು ಇಲ್ಲಿ."

ಬರುವ ವಿಮಾನ ಸಂಜೆ ನಾಲ್ಕಕ್ಕೆ ಬಿಟ್ಟು ಮರುದಿನ ಬೆಳಿಗ್ಗೆ ಹತ್ತಕ್ಕೆ ಮುಟ್ಟುತ್ತಿತ್ತು. ಕೆಳಗೆ ದೂರವನ್ನೂ ಬರೆದಿದ್ದರು: ಹತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಅಷ್ಟು ದೂರ ಆರೇ ಗಂಟೆಯಲ್ಲಿ? ಯಾವ ಡ್ರೈವರಪ್ಪ ಅವನು ಎಂದುಕೊಂಡವಳ ನಗು ಅರ್ಧಕ್ಕೇ ನಿಂತಿತು. ಅವಳ ಬಸ್ಸು ಓಡುವ ಕಡೆಯಲ್ಲೆಲ್ಲ ಗಡಿಯಾರ ಒಂದೇ. ಅಮ್ಮ ಹೋಗುವ ದೇಶದ್ದು ಬೇರೆ: ಅಲ್ಲಿ ಮಧ್ಯಾಹ್ನ ಮೂರೆಂದರೆ ಇಲ್ಲಿ ರಾತ್ರಿ ಒಂಬತ್ತು. ಪ್ರಯಾಣ ಹನ್ನೆರಡು ಗಂಟೆ, ಹೋಗುವಾಗಲೂ ಬರುವಾಗಲೂ.

"ಕೆಟ್ಟೆ ಕಣಮ್ಮ. ಇನ್ನೂ ಎರಡು ಬ್ಯಾಟರಿ ಬೇಕು. ಟಿಕೆಟ್ಟನ್ನ ಮುಂದಿನ ವಾರಕ್ಕೆ ಹಾಕಿಸ್ತೀನಿ."

"ಅಕ್ಕ ಮುಂದಿನ ವಾರಕ್ಕೆ ಹಾಕಿಸ್ಕೋತಾಳಾ?"

ದೊಡ್ಡಮ್ಮ ಅಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಳು. ಇರುವಾಗಲೇ ಬಂದು ನೋಡಿ ಎಂದು ಡಾಕ್ಟರು ಹೇಳಿಕಳಿಸಿದ್ದರು. ಮಗಳು ಯಂತ್ರ ಕೊಟ್ಟ ಅಂಗಡಿಗೆ ಫೋನ್ ಹಚ್ಚಿದಳು.

"ಬ್ಯಾಟರಿ ಇದೆ ಮೇಡಂ. ಆದ್ರೆ ಶಟರ್ ಎಳೀತಿದ್ದೀನಲ್ಲ."

"ಅರ್ಧ ಎಳೆದು ನಿಲ್ಸಿ ಅಣ್ಣ, ಬಗ್ಗಿಕೊಂಡು ಬರ್ತೀನಿ. ಇಪ್ಪತ್ತೇ ನಿಮಿಷ."

"ನಲವತ್ತು ಅನ್ನು," ಎಂದಳು ಅಮ್ಮ ಹಿಂದಿನಿಂದ. "ಇನ್ಮೇಲೆ ನಿನ್ನ ಲೆಕ್ಕಾನ ಎರಡರಷ್ಟು ಮಾಡ್ಕೋಬೇಕು."

ಮಗಳು ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಮರುದಿನ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನಾಲ್ಕೂ ಬ್ಯಾಟರಿಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದಳು. "ಎಲ್ಲಾ ಸೇರಿ ಎಷ್ಟು ಹೊತ್ತು ಬರುತ್ತೆ ಅಜ್ಜಿ?"

ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ಹದಿನೆಂಟು ಗಂಟೆ ಕಣಮ್ಮ. ಹನ್ನೆರಡು ನನಗೆ. ಉಳಿದ ಆರು ನಮ್ಮಕ್ಕನಿಗೆ."

ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ, ಬೋರ್ಡಿಂಗ್ ಪಾಸನ್ನು ಎರಡೂ ಕೈಯಲ್ಲಿ ಕೊಟ್ಟಳು.

ಗಾಲಿಕುರ್ಚಿ ಬೇಡವೆಂದು ಅಮ್ಮ ಯಂತ್ರವನ್ನು ತಾನೇ ಎಳೆದುಕೊಂಡು ಹೊರಟಳು. ಮಗಳು ಈಚೆಯಿಂದ ನೋಡುತ್ತಿದ್ದಂತೆ ಗಾಜಿನ ಆಚೆ ಒಂದು ಕ್ಷಣ ನಿಂತು ಮೂಗಿನ ನಳಿಕೆಯನ್ನು ಸರಿಮಾಡಿಕೊಂಡಳು. ಆಮೇಲೆ ದಾರಿಗಡ್ಡ ನಿಂತಿದ್ದ ಯಾರೋ ಎತ್ತರದ ಮನುಷ್ಯನಿಗೆ ಏನೋ ಹೇಳಿದಳು. ಅವನು ತಟ್ಟನೆ ಪಕ್ಕಕ್ಕೆ ಸರಿದ.