ಉಡಿ ತುಂಬಬಾರದ ಕೈ

ಮಾನ್ವಿಯ ಭತ್ತದ ವ್ಯಾಪಾರಿ ಪ್ರಭುರಾಜನ ಮನೆಯಲ್ಲಿ ಮುಂಜಾನೆ ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ಅವನ ಹೆಂಡತಿ ಶೈಲಜಾ ಫ್ರಿಜ್ಜಿನಿಂದ ಮಕ್ಕಳಾಗಲೆಂದು ಕೊಟ್ಟ ಸೂಜಿಮದ್ದು ತೆಗೆಯುತ್ತಿದ್ದಳು. ಮೊಸರಿನ ಪಾತ್ರೆಯ ಪಕ್ಕದಲ್ಲೇ ಅದರ ಜಾಗ. ಹೊಟ್ಟೆಗೆ ತಾನೇ ಚುಚ್ಚಿಕೊಳ್ಳುವುದನ್ನು ಕಲಿತಿದ್ದಳು. ಆದರೆ ಹಸಿರುಗಟ್ಟಿದ ಕಲೆಗಳ ನಡುವೆ ಚುಚ್ಚಲು ಜಾಗ ಹುಡುಕುವುದೇ ಕಷ್ಟವಾಗಿತ್ತು. ಅತ್ತೆ ವೀರಭದ್ರಮ್ಮ ಕೆಟ್ಟವಳಲ್ಲ. ಸೊಸೆಗೆ ಹಾಲು ಕಾಯಿಸಿ ಕೊಡುತ್ತಿದ್ದಳು. ಮನೆಗೆ ಬಂದ ಮುತ್ತೈದೆಯರಿಗೆ ಕುಂಕುಮ ಕೊಡುವಾಗ ಮಾತ್ರ ಬಟ್ಟಲನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಬಿಡುತ್ತಿದ್ದಳು. ಬಂಜೆ ಕೊಟ್ಟ ಕುಂಕುಮ ಆಗಿಬರುವುದಿಲ್ಲವೆಂದು ಓಣಿಯ ನಂಬಿಕೆ.

ರಾಯಚೂರಿನ ಡಾಕ್ಟರ್ ಉಮ್ಮೇ ಕುಲ್ಸುಮ್ ಸ್ಕ್ಯಾನಿನ ಚಿತ್ರವನ್ನು ಅತ್ತೆ ಸೊಸೆಯರ ಮುಂದಿಟ್ಟರು. ಅಷ್ಟೆಲ್ಲ ಮದ್ದಿಗೂ ಈ ಸಲ ಬೆಳೆದದ್ದು ಒಂದೇ ಒಂದು ಅಂಡಾಣು.

"ಡೋಸು ಡಬಲ್ ಮಾಡ್ರಿ ಡಾಕ್ಟ್ರಮ್ಮಾ," ಎಂದಳು ವೀರಭದ್ರಮ್ಮ. "ಹೊಲ ಬೆಳಿ ಕೊಡಲಿಲ್ಲಂದ್ರ ನಾವು ಗೊಬ್ರ ಹೆಚ್ಚಿಗಿ ಹಾಕಂಗಿಲ್ಲೇನ್ರಿ?"

"ಬೀಜನ ಕಡಿಮಿ ಇದ್ರ ಗೊಬ್ರ ಏನ್ ಮಾಡ್ತದ ಅಮ್ಮಾ? ಸೂಜಿ ಇದ್ದ ತತ್ತಿ ಬೆಳಸ್ತದ, ಇಲ್ಲದ್ದನ್ನ ಹುಟ್ಟಸಂಗಿಲ್ಲ. ಡೋಸು ಏರಿಸಿದ್ರ ಆಕಿ ಮೈಗೆ ತ್ರಾಸು, ಅಷ್ಟ. ಬೇಕಂದ್ರ ಬ್ಯಾರೆ ಹೆಣ್ಮಗಳ ತತ್ತಿ ತಗೋಬಹುದು. ಇಲ್ಲಾಂದ್ರ ತಾಯಿ ಇಲ್ಲದ ಕೂಸಿಗೆ ಇವ್ರು ತಾಯ್ತಂದಿ ಆಗ್ಲಿ. ಇದ್ರಾಗ ಆಕಿ ತಪ್ಪೇನೂ ಇಲ್ಲ."

"ಕುಲ ಗೊತ್ತಿಲ್ಲದ ಕೂಸು ನಮ್ಮ ಮನಿಗೆ ಬ್ಯಾಡ್ರಿ."

ಊರಿಗೆ ಮರಳುವಾಗ ಕಾರಿನಲ್ಲಿ ಅತ್ತೆ ಹೈದರಾಬಾದಿನ ಆಸ್ಪತ್ರೆಯೊಂದರ ಮಾತು ತೆಗೆದಳು. ಅಲ್ಲಿ ಎಷ್ಟು ಡೋಸು ಕೇಳಿದರೂ ಕೊಡುತ್ತಾರಂತೆ.

"ನಾ ಇನ್ನ ಸೂಜಿ ಚುಚ್ಚಿಸ್ಕೊಳ್ಳಂಗಿಲ್ರಿ ಅತ್ತಿ," ಎಂದಳು ಶೈಲಜಾ.

"ಹಂಗಾದ್ರ ಅವಗ ಇನ್ನೊಂದು ಲಗ್ನ ಮಾಡ್ತೀನಿ. ನೀ ಒಪ್ಪಿಗಿ ಕೊಟ್ಟು ಮನ್ಯಾಗ ಸುಮ್ನ ಇರು."

"ಅದಕ್ಕೂ ಒಪ್ಪಂಗಿಲ್ರಿ."

ಅವಳು ಕಾರು ಓಡಿಸುತ್ತಿದ್ದ ಗಂಡನ ಕಡೆ ನೋಡಿದಳು. "ಅವ್ವ ಹೇಳಿದ್ದು ಕೇಳಿದ್ರ ನಿಂದೇನ್ ಹೋಗ್ತದ?" ಎಂದ ಪ್ರಭುರಾಜ, ರಸ್ತೆಯಿಂದ ಕಣ್ಣು ತೆಗೆಯದೆ.

ಗಂಡನಿಗೂ ಒಲ್ಲೆನೆಂದು ಹೇಳಿ ಶೈಲಜಾ ದೇವದುರ್ಗದ ತವರಿಗೆ ಬಂದಳು. ಕರೆದೊಯ್ಯಲು ಯಾರೂ ಬರಲಿಲ್ಲ. ಪ್ರಭುರಾಜನಿಗೆ ಮಸರಕಲ್ಲಿನ ಹುಡುಗಿಯನ್ನು ನೋಡಿದ್ದಾರೆಂಬ ಸುದ್ದಿ ಬಂತು.

ತವರಿನಲ್ಲಿ ಬಸುರಿ ತಂಗಿ ಸ್ವಪ್ನಾಳಿಗೆ ಕುಬುಸ ಮಾಡುವ ಸೀಮಂತದ ಸಂಭ್ರಮ. ಹಸಿರು ಸೀರೆ ಆರಿಸಿ ತಂದವಳು ಶೈಲಜಾ. ಹೂ ಕಟ್ಟಿದವಳು, ಉಡಿ ತುಂಬುವ ಅಕ್ಕಿಗೆ ಉತ್ತತ್ತಿ, ಅರಿಷಿಣಬೇರು ಸೇರಿಸಿಟ್ಟವಳೂ ಅವಳೇ. ಮುತ್ತೈದೆಯರು ನೆರೆಯುತ್ತಿದ್ದಂತೆ ತಾಯಿ ಬಾಲಮ್ಮ ಅವಳನ್ನು ಒಳಕೋಣೆಗೆ ಕರೆದಳು.

"ಸ್ವಲ್ಪ ಹೊತ್ತು ಇಲ್ಲೇ ಇರವ್ವ. ಚೊಚ್ಚಲ ಬಸುರಿ ಅದಾಳ. ನಾಳಿ ಏನರ ಹೆಚ್ಚುಕಡಿಮಿ ಆದ್ರ ಜನ ನಿನ್ನ ಮ್ಯಾಲ ಹಾಕ್ತಾರ."

"ಅತ್ತಿಗೂ ಒಲ್ಲೆ ಅಂದೆ, ಗಂಡಗೂ ಒಲ್ಲೆ ಅಂದೆ. ನಿನಗ ಏನಂತ ಹೇಳ್ಲಿ ಯವ್ವಾ?"

ಬಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಹೋಗುವಾಗ ಬಾಗಿಲು ಎಳೆದುಕೊಂಡೇ ಹೋದಳು.

ಹೊರಗೆ ಸೋಬಾನೆ ಹಾಡು ಶುರುವಾಯಿತು. ನಡುವೆ ಸ್ವಪ್ನಾ ಕೇಳಿದ್ದು ಒಳಗೆ ಕೇಳಿಸಿತು: "ಅಕ್ಕ ಎಲ್ಲದಾಳ? ಆಕಿ ಉಡಿ ತುಂಬಂಗಿಲ್ಲೇನು?"

"ತಲಿ ನೋಯಾಕತ್ತದಂತ, ಮಲಗ್ಯಾಳವ್ವ," ಎಂದಳು ಬಾಲಮ್ಮ.

ಹಾಡು ಮುಂದುವರಿಯಿತು. ಶೈಲಜಾ ಬಾಗಿಲಿನಿಂದ ಹಿಂದೆ ಸರಿದಳು. ಆಮೇಲೆ, ಹೆತ್ತವಳ ಮಾತು ಸುಳ್ಳಾಗದಿರಲೆಂದು, ಚಾಪೆ ಹಾಸಿಕೊಂಡು ಮಲಗಿದಳು.